ಮ್ಯೂನಿಕ್‌ನ ಚಪ್ಪಟೆ ನೆಲದಿಂದ ಹಿಮನದಿಯ ಜಾಡು ಹಿಡಿಯುವುದು ಹೇಗೆ

ಹಿಮಯುಗದ ಗುರುತು ನೋಡಬೇಕು ಅಂದ್ರೆ ಮ್ಯೂನಿಕ್‌ಗೆ ಬಂದವರೆಲ್ಲ ಸೀದಾ ತ್ಸುಗ್‌ಸ್ಪಿಟ್ಸೆ ಶಿಖರದ ಕೇಬಲ್ ಕಾರ್ ಹತ್ತುತ್ತಾರೆ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಉಳಿದಿರುವುದು ವರ್ಷವರ್ಷವೂ ಕರಗುತ್ತಿರುವ ಒಂದಿಷ್ಟು ಮಂಜುಗಡ್ಡೆ, ಅಷ್ಟೇ. ಹಿಮನದಿಗಳು ಮಾಡಿದ ದೊಡ್ಡ ಕೆಲಸವೆಲ್ಲ ಇರುವುದು ಕೆಳಗೆ, ಆಲ್ಪ್ಸ್ ಬುಡದಿಂದ ಮ್ಯೂನಿಕ್ ವಿಮಾನ ನಿಲ್ದಾಣದವರೆಗೆ ಹರಡಿರುವ ತಪ್ಪಲಿನಲ್ಲಿ. ಅದನ್ನು ನೋಡೋಕೆ ಎಸ್-ಬಾನ್ ರೈಲು, ಒಂದು ಜೊತೆ ಗಟ್ಟಿ ಶೂ, ಬುತ್ತಿ ಇಷ್ಟಿದ್ದರೆ ಸಾಕು.

ಒಂದು ಸಲಹೆ ಮೊದಲೇ ಹೇಳಿಬಿಡುತ್ತೇನೆ. ಸರೋವರಗಳಿಂದ ಶುರು ಮಾಡಬೇಡಿ. ಚಪ್ಪಟೆ ನೆಲದಿಂದ, ಅಂದರೆ ಊರೊಳಗಿನಿಂದಲೇ ಶುರು ಮಾಡಿ. ಸ್ಟಾರ್ನ್‌ಬೆರ್ಗ್ ಸರೋವರ ಚೆಂದ ಇದೆ, ಫೋಟೋ ಚೆನ್ನಾಗಿ ಬರುತ್ತದೆ, ನಿಜ. ಆದರೆ ಅದನ್ನು ಮೊದಲು ನೋಡಿದವರಿಗೆ ಮ್ಯೂನಿಕ್‌ನ ಸಪಾಟು ನೆಲ ಏನೂ ಅಲ್ಲ ಅನ್ನಿಸಿಬಿಡುತ್ತದೆ. ವಿಸ್ತಾರದ ಲೆಕ್ಕದಲ್ಲಿ ನೋಡಿದರೆ ಇಲ್ಲಿ ಹಿಮಯುಗ ಬಿಟ್ಟುಹೋದ ಅತಿ ದೊಡ್ಡ ವಸ್ತು ಆ ಸಪಾಟೇ, ಸುಮಾರು 1500 ಚದರ ಕಿಲೋಮೀಟರ್ ಜಲ್ಲಿ. ಆದ್ದರಿಂದ ಹಿಮ ಬಂದ ದಾರಿಯಲ್ಲಲ್ಲ, ಅದಕ್ಕೆ ಎದುರಾಗಿ ನಡೆಯೋಣ. ನೀರಿನಿಂದ ಜಲ್ಲಿಗೆ, ಜಲ್ಲಿಯಿಂದ ಗುಡ್ಡಕ್ಕೆ, ಗುಡ್ಡದಿಂದ ಸರೋವರಕ್ಕೆ, ಕೊನೆಗೆ ಬಂಡೆಗೆ.

ಹೊರಡುವ ಮುಂಚೆ

ಕಥೆ ಗೊತ್ತಿದ್ದರೆ ಕಣ್ಣಿಗೆ ಕೆಲಸ ಕಮ್ಮಿ. ಕಳೆದ ಹಿಮಯುಗದ ಕೊನೆಯ ಪಾಳಿಯಲ್ಲಿ, ಸುಮಾರು 20,000ದಿಂದ 25,000 ವರ್ಷಗಳ ಹಿಂದೆ, ಆಲ್ಪ್ಸ್ ಕಣಿವೆಗಳೆಲ್ಲ ಮಂಜುಗಡ್ಡೆಯಿಂದ ತುಂಬಿದ್ದವು. ಇನ್ಸ್‌ಬ್ರುಕ್ ಊರು ಈಗ ಇರುವ ಕಡೆ ಹಿಮದ ದಪ್ಪ 1500 ಮೀಟರಿಗೂ ಜಾಸ್ತಿ. ಅಷ್ಟು ಹಿಮ ಕಣಿವೆಯ ಬಾಯಿಂದ ಹೊರಗೆ ಬಂದಾಗ ಎರಡು ಕಡೆಯ ಬೆಟ್ಟದ ಗೋಡೆ ಇಲ್ಲ, ಹಾಗಾಗಿ ಬಯಲಿಗೆ ನಾಲಿಗೆ ಚಾಚಿ ಅಗಲವಾಗಿ ಹರಡಿಕೊಂಡಿತು. ನಾಲಿಗೆಯ ಅಡಿಯಲ್ಲಿ ನೆಲ ಕೊರೆದು ಹಳ್ಳವಾಯಿತು. ತುದಿಯಲ್ಲಿ ಅದು ಹೊತ್ತು ತಂದ ಕಲ್ಲುಮಣ್ಣು ರಾಶಿ ಬಿದ್ದು ಬಿಲ್ಲಿನಾಕಾರದ ಗುಡ್ಡಸಾಲಾಯಿತು. ಇದಕ್ಕೆ ಮೊರೇನ್ ಅನ್ನುತ್ತಾರೆ. ಆ ಗುಡ್ಡಗಳಾಚೆ, ಕರಗಿದ ನೀರು ಜಲ್ಲಿಯನ್ನು ಉತ್ತರಕ್ಕೆ ಒಯ್ದು ಹಾಸಿತು. ಹಳ್ಳ, ಗುಡ್ಡ, ಜಲ್ಲಿ. ಈ ಮೂರರ ಸಾಲು ಯಾವಾಗಲೂ ಇದೇ ಕ್ರಮದಲ್ಲಿ ಬರುತ್ತದೆ, ಇದನ್ನು ಮರೆಯಬೇಡಿ, ಮಿಕ್ಕದ್ದೆಲ್ಲ ಸ್ಥಳದಲ್ಲೇ ಅರ್ಥವಾಗುತ್ತದೆ.

ಈ ಕ್ರಮವನ್ನು ಗುರುತಿಸಿದವನು ಜರ್ಮನ್ ಭೂಗೋಳ ವಿದ್ವಾಂಸ ಆಲ್ಬ್ರೆಖ್ಟ್ ಪೆಂಕ್. ಎಡುವಾರ್ಡ್ ಬ್ರ್ಯೂಕ್ನರ್ ಜೊತೆ ಸೇರಿ 1901ರಿಂದ 1909ರವರೆಗೆ ಮೂರು ಸಂಪುಟ ಬರೆದ. ಒಂದು ಸಲ ಅಲ್ಲ, ನಾಲ್ಕು ಸಲ ಹಿಮ ಬಂದುಹೋಗಿದೆ ಅಂತ ಜಲ್ಲಿ ಹಾಸುಗಳ ಮೆಟ್ಟಿಲುಗಳನ್ನು ನೋಡಿ ಹೇಳಿದವರು ಇವರೇ. ಗ್ಯೂನ್ಸ್, ಮಿಂಡೆಲ್, ರಿಸ್, ವ್ಯೂರ್ಮ್ ಅಂತ ಈ ತಪ್ಪಲಿನ ನದಿಗಳ ಹೆಸರುಗಳನ್ನೇ ಅವಕ್ಕೆ ಇಟ್ಟರು. ಆಮೇಲೆ ಬಂದವರು ಇನ್ನೂ ಹಳೆಯವನ್ನು ಸೇರಿಸಿದ್ದಾರೆ. ನಮಗೆ ಈ ತಿರುಗಾಟದಲ್ಲಿ ಬೇಕಾಗುವುದು ಮುಖ್ಯವಾಗಿ ಕೊನೆಯ ವ್ಯೂರ್ಮ್, ಅದಕ್ಕಿಂತ ಹಿಂದಿನದು ಆಗೊಮ್ಮೆ ಈಗೊಮ್ಮೆ.

ಈಗ ನಕ್ಷೆ. ಬಯರ್ನ್‌ಅಟ್ಲಾಸ್ ಅಂತ ಬವೇರಿಯಾ ಸರ್ಕಾರದ ನಕ್ಷೆ ತಾಣ ಇದೆ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ನೆಲದ ಉಬ್ಬುತಗ್ಗನ್ನು ನೆರಳಿನಲ್ಲಿ ತೋರಿಸುವ ಪದರ ಹಾಕಿಕೊಳ್ಳಿ. ಮರ, ಮನೆ ಎಲ್ಲ ಮಾಯವಾಗಿ ಬರೀ ನೆಲ ಉಳಿಯುತ್ತದೆ. ಮ್ಯೂನಿಕ್ ಸುತ್ತ ನೋಡಿದರೆ ಸಪಾಟು. ದಕ್ಷಿಣಕ್ಕೆ ಸರಿದಂತೆ ಇದ್ದಕ್ಕಿದ್ದಂತೆ ಒರಟು ಶುರುವಾಗುತ್ತದೆ, ಸರೋವರಗಳ ಉತ್ತರದ ತುದಿಗಳನ್ನು ಸುತ್ತಿಕೊಂಡು ಬಿಲ್ಲುಬಿಲ್ಲಾಗಿ. ಆ ಗೆರೆಯೇ ಹಿಮದ ಗಡಿ. ಹಿಮನದಿ ಮ್ಯೂನಿಕ್ ಪೇಟೆಯವರೆಗೆ ಬರಲೇ ಇಲ್ಲ, ತೆಂಕಣ ದಿಕ್ಕಿನಲ್ಲೇ ನಿಂತುಬಿಟ್ಟಿತು. ಇದನ್ನು ಫೋನಿನಲ್ಲಿ ನೋಡಬೇಡಿ, ಮನೆಯಲ್ಲಿ ದೊಡ್ಡ ಪರದೆಯಲ್ಲಿ ಅರ್ಧ ಗಂಟೆ ಕೂತು ನೋಡಿ. ಕಲ್ಲಿನ ವಿವರ ಬೇಕಿದ್ದವರಿಗೆ ಉಮ್‌ವೆಲ್ಟ್‌ಅಟ್ಲಾಸ್‌ನಲ್ಲಿ ಭೂವಿಜ್ಞಾನದ ನಕ್ಷೆಯೂ ಸಿಗುತ್ತದೆ.

ಊರೊಳಗಿನ ಮೆಟ್ಟಿಲುಗಳು

ಮೊದಲ ನಡಿಗೆ ತೆರೇಸಿಯೆನ್‌ವೀಸೆಯಿಂದ. ಅಕ್ಟೋಬರ್‌ಫೆಸ್ಟ್ ನಡೆಯುವ ಮೈದಾನ, ಗೊತ್ತಿರುತ್ತದೆ. ಜಾತ್ರೆ ಇಲ್ಲದ ದಿನ ಹೋಗಿ. ಮೈದಾನದ ನಡುವೆ ನಿಂತು ಪಶ್ಚಿಮಕ್ಕೆ ನೋಡಿದರೆ ಬವೇರಿಯಾ ವಿಗ್ರಹ ಒಂದು ದಿಣ್ಣೆಯ ಮೇಲೆ ನಿಂತಿದೆ. ಆ ದಿಣ್ಣೆ ಯಾರೂ ಕಟ್ಟಿದ್ದಲ್ಲ, ನದಿಯ ಹಳೆಯ ದಂಡೆ. ಮೇಲಿನ ಮಟ್ಟ ಹಿಮಯುಗದ ಕೊನೆಯಲ್ಲಿ ಹಾಸಿದ ಜಲ್ಲಿ. ಕೆಳಗಿನ ಮಟ್ಟ ಆಮೇಲೆ ಇಸಾರ್ ನದಿ ಅದೇ ಜಲ್ಲಿಯನ್ನು ಕೊರೆದು ಮಾಡಿಕೊಂಡದ್ದು. ನದಿ ಈಗ ಇಲ್ಲಿಂದ ಎಷ್ಟೋ ದೂರ ಪೂರ್ವಕ್ಕಿದೆ, ಆದರೆ ಒಂದು ಕಾಲದಲ್ಲಿ ಈ ಅಂಚಿಗೆ ತಾಗಿಕೊಂಡೇ ಹರಿದಿದೆ.

ಜಲ್ಲಿ ಹಾಸಿದ ನದಿಯೇ ಅದನ್ನು ಕೊರೆದದ್ದು ಯಾಕೆ? ಹಿಮ ಹತ್ತಿರ ಇದ್ದಾಗ ನೀರಿಗೆ ಹೊರಲಾರದಷ್ಟು ಕಲ್ಲು ಸಿಗುತ್ತಿತ್ತು, ದಾರಿಯುದ್ದಕ್ಕೂ ಚೆಲ್ಲುತ್ತಾ ಹೋಯಿತು. ಹಿಮ ಹಿಂದೆ ಸರಿದ ಮೇಲೆ ಅದು ಕೊರೆದ ಹಳ್ಳಗಳು ಸರೋವರಗಳಾದವು. ಮೇಲಿನಿಂದ ಬಂದ ಕಲ್ಲೆಲ್ಲ ಅಲ್ಲೇ ಮುಳುಗಿ, ಈಚೆ ಬಂದದ್ದು ತಿಳಿನೀರು. ಹೊರೆ ಇಲ್ಲದ ನೀರಿಗೆ ಬಲ ಜಾಸ್ತಿ, ಅಲ್ವಾ. ಅದು ತನ್ನ ಹಳೆಯ ಹಾಸನ್ನೇ ಅಗೆಯತೊಡಗಿತು. ಒಂದು ಮಟ್ಟಕ್ಕೆ ಇಳಿದು ಅಲ್ಲಿ ಅಗಲವಾಗಿ ಓಡಾಡಿತು, ಮತ್ತೆ ಇಳಿಯಿತು.

ಆಮೇಲೆ ಟ್ರಾಮ್ ಹಿಡಿದು ನದಿಯ ಪೂರ್ವ ದಂಡೆಗೆ ಬನ್ನಿ. ಮಾಕ್ಸಿಮಿಲಿಯಾನೆಯುಮ್ ಕಟ್ಟಡ, ಅಂದರೆ ಬವೇರಿಯಾದ ವಿಧಾನಸಭೆ, ಎತ್ತರದ ದಂಡೆಯ ಅಂಚಿನಲ್ಲೇ ಇದೆ. ಗಾಸ್ಟೈಗ್, ನೊಕ್ಕರ್‌ಬೆರ್ಗ್, ಗೀಸಿಂಗ್ ಏರು ಎಲ್ಲ ಇದೇ ದಂಡೆ. ಸೈಕಲ್ ತುಳಿಯುವವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಈ ಎತ್ತರದಲ್ಲಿ ಅಂತರ್ಜಲ ಆಳಕ್ಕಿರುತ್ತದೆ, ಹಾಗಾಗಿ ನೀರು ನುಗ್ಗದ ತಣ್ಣನೆಯ ನೆಲಮಾಳಿಗೆ ತೋಡಬಹುದಿತ್ತು. ಬಿಯರ್ ಮಾಡುವವರು ದಂಡೆಯುದ್ದಕ್ಕೂ ತೋಡಿದರು, ಮೇಲೆ ನೆರಳಿಗೆ ಚೆಸ್ಟ್‌ನಟ್ ಮರ ನೆಟ್ಟರು. ಬಿಯರ್ ಗಾರ್ಡನ್‌ಗಳ ಹುಟ್ಟು ಅಲ್ಲೇ. ಪೂರ್ವಕ್ಕೆ ಇನ್ನೊಂದಿಷ್ಟು ಹೋದರೆ ಹೈಡ್‌ಹೌಸೆನ್, ಬೆರ್ಗ್ ಆಮ್ ಲೈಮ್. ಹಿಮಯುಗದಲ್ಲಿ ಬೋಳು ಜಲ್ಲಿ ಬಯಲಿನಿಂದ ಗಾಳಿ ಹೊತ್ತು ತಂದ ಧೂಳು ಇಲ್ಲಿ ಗೋಡುಮಣ್ಣಾಗಿ ಕೂತಿದೆ. ಹಳೆಯ ಮ್ಯೂನಿಕ್‌ನ ಇಟ್ಟಿಗೆಗೆ ಮಣ್ಣು ಹೋದದ್ದು ಈ ಪಟ್ಟಿಯಿಂದ.

ಒಂದು ಹಿಡಿ ಕಲ್ಲು

ಯು3 ಮೆಟ್ರೊ ಹಿಡಿದು ಟಾಲ್‌ಕಿರ್ಖೆನ್‌ನಲ್ಲಿ ಇಳಿದು ನದಿ ದಂಡೆಯ ಫ್ಲೌಖರ್ ಕಡೆ ನಡೆಯಿರಿ. ಇಸಾರ್ ಇಲ್ಲಿ ಜಲ್ಲಿ ದಿಬ್ಬಗಳ ನಡುವೆ ಕವಲೊಡೆದು ಹರಿಯುತ್ತದೆ. 2000ದಿಂದ 2011ರವರೆಗೆ ಊರೊಳಗಿನ 8 ಕಿಲೋಮೀಟರ್ ನದಿಯ ಕಾಂಕ್ರೀಟ್ ದಂಡೆಗಳನ್ನು ತೆಗೆದು ಅದಕ್ಕೆ ಮೈ ಚಾಚಲು ಜಾಗ ಬಿಟ್ಟರು, ಹಾಗಾಗಿ ಕಲ್ಲು ನೋಡೋಕೆ ಇದಕ್ಕಿಂತ ಸುಲಭದ ಜಾಗ ಇಲ್ಲ. ಮಳೆ ಬಂದ ಮರುದಿನ ಹೋಗಬೇಡಿ, ನೀರು ಏರಿರುತ್ತದೆ. ಆಗಸ್ಟ್‌ನಲ್ಲಿಯೂ ನೀರು ಕೊರೆಯುತ್ತದೆ, ಮಕ್ಕಳಿದ್ದರೆ ನೆನಪಿರಲಿ.

ಕೂತುಕೊಂಡು ಒಂದು ಹಿಡಿ ಕಲ್ಲು ಎತ್ತಿ, ನೀರಿನಲ್ಲಿ ಅದ್ದಿ. ಒಣಗಿದಾಗ ಎಲ್ಲ ಬೂದು, ಒದ್ದೆಯಾದರೆ ಬಣ್ಣ ಬಿಡುತ್ತವೆ. ಜಾಸ್ತಿ ಸಿಗುವುದು ಬೂದು ಸುಣ್ಣಕಲ್ಲು, ಮೈಮೇಲೆ ಬಿಳಿ ಗೆರೆ. ಮನೆಯ ಕೀಲಿಯಿಂದ ಗೀರಿದರೆ ಗೀರು ಬೀಳುತ್ತದೆ. ತುಸು ಕಂದು, ಕೈಗೆ ಒರಟು ಅನ್ನಿಸುವುದು ಮರಳುಗಲ್ಲು. ಕಡುಗೆಂಪು, ಗಟ್ಟಿ, ಕೀಲಿಗೆ ಜಗ್ಗದ್ದು ರೇಡಿಯೋಲರೈಟ್, ಹಳೆಯ ಕಡಲಿನ ತಳದಲ್ಲಿ ಸೂಕ್ಷ್ಮ ಜೀವಿಗಳ ಚಿಪ್ಪು ಸೇರಿ ಆದದ್ದು. ಇವೆಲ್ಲ ಇಸಾರ್ ಹರಿದು ಬರುವ ಬೆಟ್ಟಗಳಲ್ಲೇ ಇವೆ, ಇದರಲ್ಲಿ ಆಶ್ಚರ್ಯ ಇಲ್ಲ.

ಇನ್ನೂ ಸ್ವಲ್ಪ ಹುಡುಕಿ. ಕಪ್ಪುಬಿಳುಪು ಪಟ್ಟೆಯ, ಅಲ್ಲಲ್ಲಿ ಅಭ್ರಕ ಮಿನುಗುವ ಒಂದು ಕಲ್ಲು ಸಿಗುತ್ತದೆ. ನೈಸ್. ಅಥವಾ ಕಪ್ಪುಹಸಿರು ಬಣ್ಣದ, ಕೈಗೆ ಭಾರ ಅನ್ನಿಸುವ ಆಂಫಿಬೊಲೈಟ್. ಕೀಲಿ ಜಾರುತ್ತದೆ, ಗೀರು ಬೀಳುವುದಿಲ್ಲ. ಇಸಾರ್ ಹುಟ್ಟುವ ಕಾರ್ವೆಂಡೆಲ್ ಬೆಟ್ಟ ಪೂರ್ತಿ ಸುಣ್ಣಕಲ್ಲಿನ ಸೀಮೆ, ಅಲ್ಲಿ ಈ ಕಲ್ಲು ಇಲ್ಲವೇ ಇಲ್ಲ. ಇವು ಇರುವುದು ಆಲ್ಪ್ಸ್‌ನ ನಡುವಿನ ಸಾಲಿನಲ್ಲಿ, ಇನ್ ನದಿಯ ಆಚೆ. ನೀರು ಬೆಟ್ಟ ಹತ್ತಿ ಇಳಿಯಲಾರದು. ಹಿಮ ಮಾಡಿತು. ಇನ್ ಕಣಿವೆ ಎಷ್ಟು ತುಂಬಿತ್ತು ಅಂದ್ರೆ, ಸುಮಾರು 1200 ಮೀಟರ್ ಎತ್ತರದ ಸೇಫೆಲ್ಡ್ ಕಣಿವೆದಾರಿ, ಫೆರ್ನ್‌ಪಾಸ್ ಎರಡರ ಮೇಲೂ ಹಿಮ ಉಕ್ಕಿ ಈಚೆಗೆ ಹರಿಯಿತು, ತನ್ನ ಕಲ್ಲುಗಳ ಸಮೇತ. ಇಡೀ ತಪ್ಪಲಿನಲ್ಲಿ ಹಿಮಯುಗಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ ಅನ್ನುತ್ತೇನೆ. ಅದೂ ಜೇಬಿಗೆ ಹಿಡಿಯುವಷ್ಟು ಚಿಕ್ಕದು.

ದಿಬ್ಬದ ಒಂದು ಜಾಗದಲ್ಲಿ ಮುಷ್ಟಿ ಗಾತ್ರದವೇ, ಇನ್ನೊಂದು ಕಡೆ ಹುಣಸೆ ಬೀಜದಷ್ಟೇ, ಅಂಚಿನಲ್ಲಿ ಬರೀ ಮರಳು. ಇದನ್ನೂ ಗಮನಿಸಿ. ಹರಿಯುವ ನೀರು ಮೊರ ಹಿಡಿದ ಅಜ್ಜಿಯ ಹಾಗೆ, ಕೇರಿ ಬೇರೆಬೇರೆ ಮಾಡಿಯೇ ಬಿಡುತ್ತದೆ. ಹಿಮಕ್ಕೆ ಆ ತಾಳ್ಮೆ ಇಲ್ಲ. ಈ ಒಂದು ವ್ಯತ್ಯಾಸ ಮುಂದಿನ ನಡಿಗೆಗಳಲ್ಲಿ ಪ್ರತಿ ಸಲ ಕೆಲಸಕ್ಕೆ ಬರುತ್ತದೆ.

ಸಪಾಟು ಅನ್ನಿಸುವ ಇಳಿಜಾರು

ಈ ಭಾಗಕ್ಕೆ ನಡಿಗೆ ಬೇಡ, ಲೆಕ್ಕ ಸಾಕು. ದಕ್ಷಿಣದ ಹೋಲ್ಟ್ಸ್‌ಕಿರ್ಖೆನ್ ಸುಮಾರು 690 ಮೀಟರ್ ಎತ್ತರದಲ್ಲಿದೆ. ಮ್ಯೂನಿಕ್ ಪೇಟೆ 520ರ ಆಸುಪಾಸು. ವಿಮಾನ ನಿಲ್ದಾಣ 453. ಐವತ್ತು ಚಿಲ್ಲರೆ ಕಿಲೋಮೀಟರಿಗೆ ಸುಮಾರು 240 ಮೀಟರ್ ಇಳಿತ, ಆದರೂ ಕಣ್ಣಿಗೆ ಸಪಾಟು. ದಕ್ಷಿಣದಲ್ಲಿ ಜಲ್ಲಿಯ ದಪ್ಪ 100 ಮೀಟರ್‌ವರೆಗೂ ಇದೆ, ಉತ್ತರಕ್ಕೆ ಹೋದಂತೆ ತೆಳುವಾಗಿ ಕೆಲವೇ ಮೀಟರ್‌ಗೆ ಬರುತ್ತದೆ. ಅಡಿಯಲ್ಲಿ ನೀರು ಇಂಗದ ಜೇಡಿ ಪದರ. ಹಾಗಾಗಿ ದಕ್ಷಿಣದಲ್ಲಿ ಮಳೆನೀರು ಸೀದಾ ಒಳಗೆ ಹೋಗಿಬಿಡುತ್ತದೆ, ಮೇಲೆ ಹೊಳೆಗಳೇ ಕಮ್ಮಿ, ಬೇಸಾಯಕ್ಕೆ ಒಗ್ಗದೆ ಕಾಡು ಉಳಿದಿದೆ. ಉತ್ತರದಲ್ಲಿ ಜಲ್ಲಿ ತೆಳುವಾದಲ್ಲಿ ಅದೇ ನೀರು ಮೇಲೆದ್ದು ಜೌಗು ಮಾಡಿತು. ಡಾಖೌ ಜೌಗು, ಎರ್ಡಿಂಗ್ ಜೌಗು. 1992ರಲ್ಲಿ ಶುರುವಾದ ವಿಮಾನ ನಿಲ್ದಾಣ ಇರುವುದು ಈ ಎರ್ಡಿಂಗ್ ಜೌಗಿನ ಮೇಲೇ. ಬೆಂಗಳೂರಿನಿಂದ ಬಂದವರು ಮೊದಲು ಕಾಲಿಡುವುದು ಜಲ್ಲಿ ಹಾಸಿನ ತೆಳು ತುದಿಯಲ್ಲಿ ಅಂತಾಯಿತು.

ಶಾಲೆಯ ಭೂಗೋಳದಲ್ಲಿ ಭಾಬರ್, ತೆರಾಯ್ ಅಂತ ಓದಿದ್ದು ನೆನಪಿದೆಯಾ? ಹಿಮಾಲಯದ ಬುಡದ ಜಲ್ಲಿಯಲ್ಲಿ ಹೊಳೆಗಳು ಇಂಗಿ, ಕೆಳಗೆ ತೆರಾಯ್‌ನಲ್ಲಿ ಮತ್ತೆ ಹೊರಬರುತ್ತವೆ ಅಂತ. ನೀರಿನ ಆಟ ಅದೇ. ಆದರೆ ಅಲ್ಲಿ ಹಿಮನದಿಗಳು ಬಯಲಿಗೆ ಇಳಿದಿರಲಿಲ್ಲ, ಜಲ್ಲಿ ಹಾಸಿದ್ದು ಬೆಟ್ಟದಿಂದ ಇಳಿಯುವ ನದಿಗಳು. ಸರೋವರಗಳ ಸಾಲು ಇಲ್ಲಿದ್ದು ಅಲ್ಲಿ ಇಲ್ಲದಿರುವುದಕ್ಕೆ ಒಂದು ದೊಡ್ಡ ಕಾರಣ ಇದೇ.

ಮ್ಯೂನಿಕ್‌ನಲ್ಲಿ ಮನೆ ಮಾಡಿದವರಿಗೆ ಇನ್ನೊಂದು ಮಾತು. ಫಿಲ್ಟರ್ ಕಾಫಿಗೆ ನೀರು ಕಾಯಿಸುವ ಕೆಟಲ್‌ನಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದು ಈ ಸುಣ್ಣಕಲ್ಲಿನ ಜಲ್ಲಿಯಲ್ಲಿ ಇಳಿದು ಬಂದ ನೀರಿನ ಸುಣ್ಣ. ಊರಿಗೆ 1883ರಿಂದ ಮಾಂಗ್‌ಫಾಲ್ ಕಣಿವೆಯ ಅಂತರ್ಜಲ ಬರುತ್ತಿದೆ. ವಿನೆಗರ್ ಹಾಕಿ ಕುದಿಸಿದರೆ ಹೋಗುತ್ತದೆ.

ಗಟ್ಟಿಯಾದ ಜಲ್ಲಿ, ಒಣಗಿದ ಕಣಿವೆ

ಎಸ್7ರಲ್ಲಿ ಬೂಖೆನ್‌ಹೈನ್‌ಗೆ ಹೋಗಿ ನದಿಯ ಕಡೆ ಇಳಿಯಿರಿ. ಬಂಡೆ ಹತ್ತುವವರು ಅಭ್ಯಾಸ ಮಾಡುವ ಗೋಡೆಗಳು ಸಿಗುತ್ತವೆ. ದೂರದಿಂದ ಯಾರೋ ಕೆಟ್ಟದಾಗಿ ಹಾಕಿದ ಕಾಂಕ್ರೀಟ್ ಅನ್ನಿಸುತ್ತದೆ, ಹತ್ತಿರ ಹೋದರೆ ಅದೇ ಉರುಟು ಕಲ್ಲುಗಳು, ಸುಣ್ಣದ ನೀರು ಇಂಗಿ ಇಂಗಿ ಒಂದಕ್ಕೊಂದು ಅಂಟಿಕೊಂಡು ಬಂಡೆಯಾಗಿವೆ. ನಾಗೆಲ್‌ಫ್ಲೂ ಅನ್ನುತ್ತಾರೆ. ಇದು ವ್ಯೂರ್ಮ್‌ಗಿಂತ ಹಿಂದಿನ ಹಿಮಯುಗಗಳ ಜಲ್ಲಿ. ಕೆಲವು ಕಲ್ಲುಗಳು ಕರಗಿ ಅವುಗಳ ಜಾಗದಲ್ಲಿ ಬರೀ ಗೂಡು ಉಳಿದಿರುತ್ತದೆ, ಬೆರಳು ಹಾಕಿ ನೋಡಿ. ಬಾಯರ್‌ಬ್ರುನ್ ಕಡೆಗೆ ದಂಡೆಯಲ್ಲೇ ನಡೆದರೆ ನದಿಯ ನಡುವೆ ಗೇಯೋರ್ಗೆನ್‌ಸ್ಟೈನ್ ಅನ್ನುವ ಬಂಡೆ, ಅದೂ ನಾಗೆಲ್‌ಫ್ಲೂವೇ.

ಒಣ ಕಣಿವೆ ನೋಡಬೇಕಿದ್ದರೆ ಎಸ್3ರಲ್ಲಿ ಡೈಸೆನ್‌ಹೋಫೆನ್, ಅಲ್ಲಿಂದ ಗ್ಲೈಸೆನ್‌ಟಾಲ್. ಕಾಡಿನೊಳಗೆ ಅಗಲ ತಳದ, ಕಡಿದಾದ ದಂಡೆಯ ಕಣಿವೆ, ಆದರೆ ಅದನ್ನು ಕೊರೆದ ಹೊಳೆ ಇಲ್ಲ. ಹಿಮ ಕರಗಿದ ನೀರು ಇಲ್ಲಿಂದ ಹರಿದು ಹೋಗುತ್ತಿತ್ತು, ಹಿಮ ಹೋದ ಮೇಲೆ ಕಣಿವೆ ಖಾಲಿ. ಮೇಲಕ್ಕೆ ನಡೆಯುತ್ತಾ ಹೋದರೆ ಡೈನಿಂಗರ್ ವೈಯರ್ ಕೊಳ ಬರುತ್ತದೆ, ಬೇಸಿಗೆಯಲ್ಲಿ ಈಜಬಹುದು. ಸುಮ್ನೆ ನಡೆಯೋಕೂ ಚೆನ್ನಾಗಿದೆ.

ಗುಡ್ಡಸಾಲು ದಾಟಿ ಹಳ್ಳಕ್ಕೆ

ಎಸ್6 ಹಿಡಿದು ಸ್ಟಾರ್ನ್‌ಬೆರ್ಗ್ ಕಡೆ ಹೊರಟರೆ ಗೌಟಿಂಗ್ ದಾಟಿದ ಮೇಲೆ ಕಿಟಕಿಯಾಚೆ ನೆಲ ಏರುಪೇರಾಗುವುದು ಗೊತ್ತಾಗುತ್ತದೆ. ಮೊರೇನ್ ಶುರು. ಸ್ಟಾರ್ನ್‌ಬೆರ್ಗ್ ನೋರ್ಡ್‌ನಲ್ಲಿ ಇಳಿದು ಲೊಯ್ಟ್‌ಸ್ಟೆಟೆನ್ ಕಡೆ ನಡೆಯಿರಿ. ಹಾದಿಯಲ್ಲಿ ಸಿಗುವ ಜೌಗು ಒಂದು ಕಾಲದಲ್ಲಿ ಸರೋವರದ ಭಾಗ. ಮುಂದೆ ವ್ಯೂರ್ಮ್ ನದಿ ಮೊರೇನ್ ಗುಡ್ಡವನ್ನು ಸೀಳಿಕೊಂಡು ಹೋಗುತ್ತದೆ. ಅದು ಸೀಳುತ್ತಾ ಆಳಕ್ಕಿಳಿದಂತೆ ಸರೋವರದ ನೀರಿನ ಮಟ್ಟ ಇಳಿದು ಈ ಉತ್ತರದ ತುದಿ ಬಯಲಾಯಿತು. ಗುಡ್ಡದ ಮೇಲೆ ಮಣ್ಣು ಕುಸಿದ ಜಾಗ ಕಂಡರೆ ನಿಲ್ಲಿ. ನುಣ್ಣನೆಯ ಹಿಟ್ಟಿನಂಥ ಮಣ್ಣು, ಮರಳು, ತಲೆ ಗಾತ್ರದ ಕಲ್ಲು, ಎಲ್ಲ ಒಟ್ಟಿಗೆ, ಯಾವ ಪದರವೂ ಇಲ್ಲ. ಹಿಮದ ಕೆಲಸ. ಫ್ಲೌಖರ್‌ನಲ್ಲಿ ನೋಡಿದ್ದಕ್ಕೂ ಇದಕ್ಕೂ ಹೋಲಿಸಿ ನೋಡಿ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಜಾಸ್ತಿ ನಡೆಸೋಕಾಗಲ್ಲ ಅಂದರೆ ಇದರ ಬದಲು ಎಸ್8ರಲ್ಲಿ ಹೆರ್ಶಿಂಗ್‌ಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಆಂಡೆಕ್ಸ್. ಅಲ್ಲಿನ ಮಠ ಸುಮಾರು 710 ಮೀಟರ್ ಎತ್ತರದ ಮೊರೇನ್ ಗುಡ್ಡದ ಮೇಲಿದೆ, ಕೆಳಗಿನ ಅಮ್ಮರ್ ಸರೋವರ 533ರಲ್ಲಿ. ಹಳ್ಳವೂ ಗುಡ್ಡವೂ ಎಷ್ಟೆಷ್ಟು ಅಂತ ಒಂದೇ ಕಡೆಯಿಂದ ಅಂದಾಜಾಗುತ್ತದೆ. ಕಾಲು ಗಟ್ಟಿ ಇದ್ದವರು ಕೀನ್‌ಟಾಲ್ ಕಂದರದ ಮೂಲಕ ಹತ್ತಬಹುದು.

ಈಗ ಸರೋವರಗಳನ್ನು ನೋಡುವ ಬಗೆ. ಎಲ್ಲ ಹಳ್ಳಗಳನ್ನೂ ಹಿಮವೇ ಕೊರೆದದ್ದು, ಆದರೆ ಆಮೇಲೆ ಅವುಗಳ ಹಣೆಬರಹ ಬರೆದದ್ದು ನದಿಗಳು. ಸ್ಟಾರ್ನ್‌ಬೆರ್ಗ್‌ಗೆ ದೊಡ್ಡ ನದಿ ಯಾವುದೂ ಬಂದು ಸೇರುವುದಿಲ್ಲ. ಹೂಳು ಬೀಳಲಿಲ್ಲ, ಈಗಲೂ 127 ಮೀಟರ್ ಆಳ. ಪಕ್ಕದ ಅಮ್ಮರ್ ಸರೋವರಕ್ಕೆ ಅಮ್ಮರ್ ನದಿ ಹೂಳು ತರುತ್ತಲೇ ಇದೆ, ಒಮ್ಮೆ ವೈಲ್‌ಹೈಮ್‌ವರೆಗೆ ಇದ್ದದ್ದು ಈಗ ಮೋಟಾಗಿ 81 ಮೀಟರ್ ಆಳಕ್ಕೆ ನಿಂತಿದೆ. ರೈಸ್ಟಿಂಗ್ ಬಳಿ ಉಪಗ್ರಹ ಸಂಪರ್ಕದ ದೈತ್ಯ ಬಿಳಿ ಆಂಟೆನಾಗಳು ಹೊಲದ ನಡುವೆ ನಿಂತಿವೆಯಲ್ಲ, ಅದು ಹಳೆಯ ಸರೋವರದ ತಳ. ವೋಲ್ಫ್‌ರಾಟ್ಸ್‌ಹೌಸೆನ್‌ನಲ್ಲಿ ಇಸಾರ್, ಲೋಯ್ಸಾಖ್ ಎರಡೂ ಸೇರಿ ಸರೋವರವನ್ನು ಪೂರ್ತಿ ಮುಚ್ಚಿಹಾಕಿದವು. ರೋಸೆನ್‌ಹೈಮ್‌ನಲ್ಲಿ ಇದ್ದದ್ದು ಬಹಳ ದೊಡ್ಡದು. ಅಲ್ಲಿ ಇನ್ ನದಿ ಉತ್ತರದ ಮೊರೇನ್ ಗುಡ್ಡವನ್ನು ಕೊರೆದು ನೀರು ಖಾಲಿ ಮಾಡಿಸಿತು. ಆದ್ದರಿಂದ ಈ ಸೀಮೆಯಲ್ಲಿ ಗುಡ್ಡಗಳ ನಡುವೆ ಒಂದು ಸಪಾಟು ಬಯಲು ಕಂಡರೆ ಇದು ಸರೋವರ ಆಗಿತ್ತಾ ಅಂತ ಕೇಳಿಕೊಳ್ಳಿ. ಬಹಳ ಸಲ ಉತ್ತರ ಹೌದು ಅಂತಲೇ ಬರುತ್ತದೆ.

ಕರಗದೆ ಉಳಿದ ತುಂಡುಗಳು

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯ ಜಾಗ ಓಸ್ಟರ್‌ಸೇಯನ್. ಟುಟ್ಸಿಂಗ್‌ನಲ್ಲಿ ಕೋಖೆಲ್ ರೈಲಿಗೆ ಬದಲಾಯಿಸಿ ಇಫೆಲ್ಡೋರ್ಫ್‌ನಲ್ಲಿ ಇಳಿಯಿರಿ. ಇಪ್ಪತ್ತರ ಆಸುಪಾಸು ಚಿಕ್ಕದೊಡ್ಡ ಕೊಳಗಳು, ಒಂದರ ಪಕ್ಕ ಒಂದು, ನಡುವೆ ಕಿರಿದಾದ ದಿಣ್ಣೆಗಳು. ಹಿಮನದಿ ಹಿಂದೆ ಸರಿಯುವಾಗ ಕಿತ್ತುಹೋದ ಹಿಮದ ತುಂಡುಗಳು ಇಲ್ಲೇ ಉಳಿದವು. ಅವುಗಳ ಸುತ್ತ, ಮೇಲೆ ಜಲ್ಲಿ ಬಿತ್ತು. ಜಲ್ಲಿಯ ಹೊದಿಕೆ ಇದ್ದದ್ದರಿಂದ ನಿಧಾನಕ್ಕೆ ಕರಗಿದವು. ಕರಗಿದ ಮೇಲೆ ಮೇಲಿನ ಜಲ್ಲಿ ಕುಸಿದು ಗುಂಡಿಯಾಯಿತು, ಅಂತರ್ಜಲ ಬಂದು ಕೊಳವಾಯಿತು. ಸುತ್ತುವಾಗ ದಡದ ಇಳಿಜಾರು ಎಷ್ಟು ಕಡಿದು ಅಂತ ನೋಡಿ, ನದಿ ಮಾಡಿದ ದಂಡೆ ಹೀಗಿರುವುದಿಲ್ಲ. ನೀರು ಸೇರಬೇಕಾದ ಹೊಳೆಯೇ ಕಾಣದ ಕೊಳಗಳೂ ಇವೆ. 1981ರಿಂದ ಇದು ಸಂರಕ್ಷಿತ ಪ್ರದೇಶ. ಹಾದಿ ಬಿಟ್ಟು ಇಳಿಯಬೇಡಿ, ಈಜಲು ಗುರುತು ಮಾಡಿದ ಜಾಗ ಬಿಟ್ಟು ಬೇರೆಡೆ ನೀರಿಗಿಳಿಯಬೇಡಿ, ಕಲ್ಲು ಎತ್ತಿಕೊಂಡು ಬರಬೇಡಿ.

ಸೈಕಲ್ ಇದ್ದರೆ ವೈಲ್‌ಹೈಮ್‌ನಿಂದ ಎಬರ್‌ಫಿಂಗ್ ಕಡೆ ಒಂದು ಸುತ್ತು ಹಾಕಿ. ಹಿಮದ ಅಡಿಯಲ್ಲಿ ಉದ್ದುದ್ದಕ್ಕೆ ತೀಡಿದ ನೂರಾರು ಗುಡ್ಡಗಳು, ಡ್ರಮ್ಲಿನ್‌ಗಳು. ಹಿಮ ಬಂದ ಕಡೆ ಮೊಂಡು, ಹೋದ ಕಡೆ ಇಳಿಜಾರು ಬಾಲ. ಇಲ್ಲಿ ಮಾತ್ರ ನೆಲಕ್ಕಿಂತ ನಕ್ಷೆಯಲ್ಲೇ ಚೆನ್ನಾಗಿ ಕಾಣುತ್ತದೆ ಅಂತ ಒಪ್ಪಿಕೊಳ್ಳಲೇಬೇಕು. ಮೊದಲೇ ಉಬ್ಬುನಕ್ಷೆ ನೋಡಿಕೊಂಡು ಹೋದರೆ ದಿಕ್ಕು ತಪ್ಪುವುದಿಲ್ಲ.

ಬಂಡೆಯ ಮೇಲಿನ ಗೀರು

ಕೊನೆಗೆ ಬೆಟ್ಟದ ಬಾಗಿಲು. ರೋಸೆನ್‌ಹೈಮ್‌ನಿಂದ ಕುಫ್‌ಸ್ಟೈನ್ ಕಡೆಯ ರೈಲಿನಲ್ಲಿ ಫ್ಲಿಂಟ್ಸ್‌ಬಾಖ್. ಅಲ್ಲಿಂದ ಫಿಷ್‌ಬಾಖ್ ಬಳಿ ಹಿಮನದಿ ಉಜ್ಜಿದ ಸುಣ್ಣಕಲ್ಲಿನ ಬಂಡೆ ಇದೆ. ಮೈಯೆಲ್ಲ ನಯ, ಅದರ ಮೇಲೆ ಕಣಿವೆಯ ದಿಕ್ಕಿಗೆ ಸಾಲಾಗಿ ಗೀರುಗಳು, ಹಿಮದ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಎಳೆದದ್ದು. ಮಟಮಟ ಮಧ್ಯಾಹ್ನ ಹೋದರೆ ಗೀರು ಸರಿಯಾಗಿ ಕಾಣುವುದಿಲ್ಲ. ಬಿಸಿಲು ಓರೆಯಾಗಿ ಬೀಳುವಾಗ ಹೋಗಿ, ಅಥವಾ ಫೋನಿನ ಟಾರ್ಚ್ ಪಕ್ಕದಿಂದ ಹಿಡಿದು ನೋಡಿ. ಮಳೆ ಬಂದು ಒದ್ದೆಯಾಗಿದ್ದರೆ ಮೇಲೆ ಕಾಲಿಡಬೇಡಿ, ಜಾರುತ್ತದೆ.

ಇಷ್ಟಕ್ಕೆಲ್ಲ ಪುರುಸೊತ್ತಿಲ್ಲ, ಒಂದೇ ದಿನ ಇರುವುದು ಅನ್ನುವವರು ಬೆಳಿಗ್ಗೆ ಫ್ಲೌಖರ್‌ನಲ್ಲಿ ಕಲ್ಲು ನೋಡಿ, ಆಮೇಲೆ ಸ್ಟಾರ್ನ್‌ಬೆರ್ಗ್ ಮೇಲೆ ಹಾದು ಇಫೆಲ್ಡೋರ್ಫ್‌ಗೆ ಹೋಗಿ. ಜಲ್ಲಿ, ಗುಡ್ಡ, ಹಳ್ಳ ಮೂರೂ ಒಂದೇ ರೈಲುದಾರಿಯಲ್ಲಿ ಸಿಗುತ್ತವೆ. ಬಯರ್ನ್ ಟಿಕೆಟ್ (ಬವೇರಿಯಾದ ಒಂದು ದಿನದ ರೈಲು ಟಿಕೆಟ್) ತೆಗೆದುಕೊಳ್ಳುವುದಾದರೆ ವಾರದ ದಿನಗಳಲ್ಲಿ ಬೆಳಿಗ್ಗೆ 9ರ ಮೇಲಷ್ಟೇ ನಡೆಯುತ್ತದೆ. ಕೋಖೆಲ್ ರೈಲು ನಗರದ ಎಸ್-ಬಾನ್‌ನಷ್ಟು ಬೇಗ ಬೇಗ ಬರುವುದಿಲ್ಲ, ವಾಪಸ್ ಬರುವ ರೈಲಿನ ಸಮಯ ಇಳಿದ ಕೂಡಲೇ ನೋಡಿಟ್ಟುಕೊಳ್ಳಿ.